ಟೆಂಪರರಿ ಕ್ಯಾಪ್ ಮೇಲೆ ಬ್ರ್ಯಾಕೆಟ್ ಯಾಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ಶಿರಾದಲ್ಲಿ ನನ್ನದು ಎರಡು ಕುರ್ಚಿಯ ಸಣ್ಣ ದಂತ ಕ್ಲಿನಿಕ್. ತುಮಕೂರಿನಿಂದ ಆರ್ಥೊಡಾಂಟಿಸ್ಟ್ (ಹಲ್ಲಿನ ಸಾಲು ಸರಿಪಡಿಸುವ ತಜ್ಞರು) ತಿಂಗಳಿಗೊಮ್ಮೆ ಬಂದು ಕ್ಲಿಪ್ ಕೇಸುಗಳನ್ನು ನೋಡುತ್ತಾರೆ. ನಡುವೆ ಬ್ರ್ಯಾಕೆಟ್ (ವೈರ್ ಹಿಡಿಯಲು ಹಲ್ಲಿಗೆ ಅಂಟಿಸುವ ಸಣ್ಣ ತುಣುಕು) ಬಿದ್ದರೆ ಅಂಟಿಸುವುದು ನನ್ನ ಪಾಲು. ಪಾವಗಡ ಕಡೆಯ 21 ವರ್ಷದ ಯುವತಿಯೊಬ್ಬರಿಗೆ ಮೇಲಿನ ಮುಂಭಾಗದ ಬಾಚಿಹಲ್ಲೊಂದಕ್ಕೆ ರೂಟ್ ಕೆನಾಲ್ ಆಗಿ ಟೆಂಪರರಿ ಕ್ಯಾಪ್ ಹಾಕಿದ್ದೇನೆ. ಕೆಳಗಿನ ಮೊದಲ ದವಡೆ ಹಲ್ಲಿಗೂ ಲ್ಯಾಬಿನಿಂದ ಬಂದ ಟೆಂಪರರಿ ಕ್ಯಾಪ್ ಇದೆ. ಆರು ವಾರದಲ್ಲಿ ಮುಂದಿನ ಬ್ರ್ಯಾಕೆಟ್ ಮೂರು ಸಲ, ದವಡೆಯ ಟ್ಯೂಬ್ (ವೈರ್‌ನ ತುದಿ ತೂರಿಸುವ ಕೊಳವೆ) ಎರಡು ಸಲ ಬಿದ್ದಿವೆ. ಪಕ್ಕದ ಸ್ವಂತ ಹಲ್ಲಿನದ್ದೂ ಒಮ್ಮೆ ಬಿತ್ತು. ಪ್ರತಿ ಸಲವೂ 37% ಆಸಿಡ್ 30 ಸೆಕೆಂಡ್, ತೊಳೆದು ಒಣಗಿಸಿ ಪ್ರೈಮರ್, ಟ್ರಾನ್ಸ್‌ಬಾಂಡ್ ಅಂಟು, ಅದು ಗಟ್ಟಿಯಾಗಲು 20 ಸೆಕೆಂಡ್ ಲೈಟ್. ಈಗಿರುವುದು 0.016 ಇಂಚಿನ ನೈಟೈ (ನಿಕ್ಕಲ್-ಟೈಟಾನಿಯಂ) ವೈರ್. ತಪ್ಪೆಲ್ಲಿ ಆಗುತ್ತಿದೆ? ಈಗಲೇ ಪರ್ಮನೆಂಟ್ ಕ್ಯಾಪ್ ಹಾಕಿಬಿಡಲೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಆಸಿಡ್ ಎಷ್ಟು ಪರ್ಸೆಂಟ್ ಎಂಬುದಿದೆ, ಎಷ್ಟು ಸೆಕೆಂಡ್ ಎಂಬುದಿದೆ, ಯಾವ ಅಂಟು ಎಂಬುದೂ ಇದೆ. ಕ್ಯಾಪ್ ಯಾವುದರಿಂದ ಮಾಡಿದ್ದು ಎಂಬುದೊಂದೇ ಇಲ್ಲ. ಬ್ರ್ಯಾಕೆಟ್ ಬೀಳುವುದಕ್ಕೆ ಬಹುಪಾಲು ಕಾರಣ ಆ ಬಿಟ್ಟುಹೋದ ಮಾತಿನಲ್ಲೇ ಇದೆ.

ಆಸಿಡ್ ಹಚ್ಚುವ ಪದ್ಧತಿ ಹುಟ್ಟಿದ್ದು ಎನಾಮಲ್‌ಗಾಗಿ, ಅಂದರೆ ಹಲ್ಲಿನ ಗಟ್ಟಿ ಹೊರಪದರಕ್ಕಾಗಿ. ಫಾಸ್ಫಾರಿಕ್ ಆಸಿಡ್ ಹಚ್ಚಿದ ಎನಾಮಲ್‌ಗೆ ಅಕ್ರಿಲಿಕ್ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ ಎಂದು ಅಮೆರಿಕದ ದಂತವೈದ್ಯ ಮೈಕೆಲ್ ಬ್ಯೂನೊಕೋರ್ ತೋರಿಸಿದ್ದು 1955ರಲ್ಲಿ. ಎನಾಮಲ್ ತೂಕದಲ್ಲಿ ಶೇ. 96ರಷ್ಟು ಖನಿಜ. ಆಸಿಡ್ ಆ ಖನಿಜವನ್ನು ಅಲ್ಲಲ್ಲಿ ಕರಗಿಸಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳನ್ನು ತೋಡುತ್ತದೆ. ತೆಳು ರೆಸಿನ್ (ದ್ರವರೂಪದ ಪ್ಲಾಸ್ಟಿಕ್ ಅಂಟು) ಅದರೊಳಗೆ ಇಳಿದು, ಗಟ್ಟಿಯಾಗಿ, ಬೇರು ಬಿಟ್ಟಂತೆ ಹಿಡಿಯುತ್ತದೆ. ಟೆಂಪರರಿ ಕ್ಯಾಪ್ ಪ್ಲಾಸ್ಟಿಕ್. ಅಲ್ಲಿ ಕರಗಲು ಖನಿಜವೇ ಇಲ್ಲ. 30 ಸೆಕೆಂಡಲ್ಲ, ಮೂರು ನಿಮಿಷ ಇಟ್ಟರೂ ಆಸಿಡ್ ಮೇಲಿನ ಜಿಡ್ಡನ್ನೂ ಎಂಜಲನ್ನೂ ತೊಳೆದು ಸುಮ್ಮನಾಗುತ್ತದೆ. ಎನಾಮಲ್ ಒಣಗಿದಾಗ ಕಾಣುವ ಸುಣ್ಣ ಬಳಿದಂಥ ಬಿಳುಪು ಕ್ಯಾಪ್ ಮೇಲೆ ನಿಮಗೆ ಕಂಡಿರಲಾರದು.

ನಿಮ್ಮ ಕಡೆಯ ರೈತರಿಗೆ ಈ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಬೋರ್‌ವೆಲ್‌ನಿಂದ ತೋಟಕ್ಕೆ ಪಿವಿಸಿ ಪೈಪ್ ಎಳೆಯುವಾಗ ತುದಿಯನ್ನು ಉಪ್ಪುಕಾಗದದಲ್ಲಿ ತಿಕ್ಕುತ್ತಾರೆ, ಸಲ್ಯೂಷನ್ ಬಳಿಯುತ್ತಾರೆ, ಒತ್ತಿ ಹಿಡಿಯುತ್ತಾರೆ. ಆ ಸಲ್ಯೂಷನ್ ಬರೀ ಗೋಂದಲ್ಲ. ಪೈಪಿನ ಮೈಯನ್ನೇ ತುಸು ಕರಗಿಸಿ ಎರಡನ್ನೂ ಒಂದು ಮಾಡುತ್ತದೆ. ಅಕ್ರಿಲಿಕ್ ಕ್ಯಾಪ್‌ಗೆ ಬೇಕಾದದ್ದೂ ಅವೇ ಎರಡು: ತಿಕ್ಕಿದ ಮೈ, ಮೈ ಕರಗಿಸುವ ದ್ರವ.

ಆದರೆ ಎಲ್ಲ ಟೆಂಪರರಿ ಕ್ಯಾಪ್‌ಗಳೂ ಅಕ್ರಿಲಿಕ್ ಅಲ್ಲ. ಹಾಗಾಗಿ ಮೊದಲು ವಸ್ತು ಗುರುತಿಸಿಕೊಳ್ಳಿ. ಕುರ್ಚಿಯ ಪಕ್ಕದಲ್ಲೇ ಪುಡಿ ಮತ್ತು ದ್ರವ ಕಲಸಿ ಮಾಡಿದ್ದರೆ (ನಮ್ಮಲ್ಲಿ ಡಿಪಿಐನ ಟೂತ್ ಮೋಲ್ಡಿಂಗ್ ಪೌಡರ್ ಇಲ್ಲದ ಕ್ಲಿನಿಕ್ ಕಡಿಮೆ) ಅದು ಪಾಲಿಮೀಥೈಲ್ ಮೆಥಾಕ್ರಿಲೇಟ್, ಅಂದರೆ ಪಿಎಂಎಂಎ. ಗನ್‌ಗೆ ಕಾರ್ಟ್ರಿಡ್ಜ್ ಹಾಕಿ ಒತ್ತಿ ಮಾಡಿದ್ದರೆ, ಪ್ರೊಟೆಂಪ್, ಲಕ್ಸಾಟೆಂಪ್ ಥರದ್ದು, ಬಿಸ್-ಅಕ್ರಿಲ್. ಲ್ಯಾಬಿನಿಂದ ಬಂದದ್ದು ಬಿಸಿಯಲ್ಲಿ ಬೇಯಿಸಿದ ಪಿಎಂಎಂಎ ಇರಬಹುದು, ಯಂತ್ರದಲ್ಲಿ ಡಿಸ್ಕ್ ಕೊರೆದು ತೆಗೆದ ಪಿಎಂಎಂಎ ಇರಬಹುದು, ತ್ರೀಡಿ ಪ್ರಿಂಟ್ ಮಾಡಿದ ರೆಸಿನ್ ಕೂಡ ಇರಬಹುದು. ಲ್ಯಾಬಿಗೆ ಒಂದು ಫೋನ್ ಮಾಡಿದರೆ ತಿಳಿಯುತ್ತದೆ. ತಿಳಿಯದಿದ್ದರೆ ಬರ್ (ಹಲ್ಲು ಕೊರೆಯುವ ಮೊನೆ) ಹಿಡಿದು ಒಳಗಿನ ಅಂಚನ್ನು ಸ್ವಲ್ಪ ಉಜ್ಜಿ ನೋಡಿ. ಪಿಎಂಎಂಎ ಎಳೆಎಳೆಯಾಗಿ ಬಂದು ಬರ್‌ಗೆ ಸುತ್ತಿಕೊಳ್ಳುತ್ತದೆ, ಬಿಸಿಯಾದರೆ ಮೆತ್ತಗಾಗುತ್ತದೆ. ಬಿಸ್-ಅಕ್ರಿಲ್ ಸೀಮೆಸುಣ್ಣದಂತೆ ಪುಡಿಪುಡಿಯಾಗಿ ಉದುರುತ್ತದೆ. ಇನ್ನೊಂದು ಪರೀಕ್ಷೆ: ಕ್ಯಾಪ್‌ನ ಒಳಬದಿಗೆ ಒಂದು ಹನಿ ಮಾನೊಮರ್ (ಅಕ್ರಿಲಿಕ್ ಪುಡಿ ಕಲಸುವ ದ್ರವ) ಬಿಟ್ಟು ಒಂದೆರಡು ನಿಮಿಷದ ಮೇಲೆ ಪ್ರೋಬ್‌ನಿಂದ ಮುಟ್ಟಿ. ಪಿಎಂಎಂಎ ಹೊಳಪು ಕಳೆದುಕೊಂಡು ಜಿಗುಟಾಗಿರುತ್ತದೆ. ಬಿಸ್-ಅಕ್ರಿಲ್‌ಗೆ ಏನೂ ಆಗಿರುವುದಿಲ್ಲ, ಏಕೆಂದರೆ ಅದರ ಸರಪಳಿಗಳು ಒಂದಕ್ಕೊಂದು ಅಡ್ಡಲಾಗಿ ಹೆಣೆದುಕೊಂಡಿವೆ. ಮಾನೊಮರ್‌ಗೆ ಒಳಗೆ ನುಗ್ಗಲು ಜಾಗವಿಲ್ಲ.

ಕೈಗೆ ಸಿಕ್ಕ ಎಲ್ಲ ಕ್ಯಾಪ್‌ಗೂ ಒಂದೇ ಮದ್ದು ಹಚ್ಚುವವರು ಎಡವುವುದು ಇಲ್ಲೇ.

ನಿಮ್ಮ ಮುಂಭಾಗದ ಕ್ಯಾಪ್ ಪುಡಿ-ದ್ರವದ ಪಿಎಂಎಂಎ ಎಂದುಕೊಂಡು ಕ್ರಮ ಹೇಳುತ್ತೇನೆ. ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆಯಿರಿ. ಎಣ್ಣೆಯಾಗಲಿ ಫ್ಲೋರೈಡ್ ಆಗಲಿ ಇಲ್ಲದ ಪ್ಯೂಮಿಸ್ ಪುಡಿಯನ್ನು ನೀರಲ್ಲಿ ಕಲಸಿ, ರಬ್ಬರ್ ಕಪ್‌ನಲ್ಲಿ 10 ಸೆಕೆಂಡ್ ತಿಕ್ಕಿ ತೊಳೆಯಿರಿ. ಪಾಲಿಶಿಂಗ್ ಪೇಸ್ಟ್ ಬೇಡ, ಅದರ ಜಿಡ್ಡೇ ಶತ್ರು. ಬಾಯಿಯೊಳಗೆ ಬಳಸುವ ಸಣ್ಣ ಸ್ಯಾಂಡ್‌ಬ್ಲಾಸ್ಟರ್ ಇದ್ದರೆ 50 ಮೈಕ್ರಾನ್ ಅಲ್ಯೂಮಿನಾ ಪುಡಿಯನ್ನು ಒಂದು ಸೆಂಟಿಮೀಟರ್ ದೂರದಿಂದ 5ರಿಂದ 10 ಸೆಕೆಂಡ್ ಹೊಡೆಯಿರಿ. ಮೈ ಮಂಜು ಕವಿದ ಗಾಜಿನಂತಾದರೆ ಸಾಕು. ಅದಕ್ಕಿಂತ ಹೆಚ್ಚು ಹೊಡೆದರೆ ಮೊದಲೇ ತೆಳುವಾಗಿರುವ ಕ್ಯಾಪ್ ಇನ್ನೂ ಸವೆಯುತ್ತದೆಯೇ ಹೊರತು ಹಿಡಿತ ಹೆಚ್ಚುವುದಿಲ್ಲ. ರೋಗಿಯ ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ದೊಡ್ಡ ಸಕ್ಷನ್, ಸಾಧ್ಯವಾದರೆ ಹಲ್ಲಿನ ಸುತ್ತ ಹೊದಿಸುವ ರಬ್ಬರ್ ಹಾಳೆ (ರಬ್ಬರ್ ಡ್ಯಾಮ್). ಸ್ಯಾಂಡ್‌ಬ್ಲಾಸ್ಟರ್ ಇಲ್ಲದಿದ್ದರೆ ಡೈಮಂಡ್ ಬರ್ ಅಥವಾ ಗ್ರೀನ್ ಸ್ಟೋನ್‌ನಲ್ಲಿ ಬ್ರ್ಯಾಕೆಟ್ ಕೂರುವಷ್ಟೇ ಜಾಗದ ಹೊಳಪು ತೆಗೆಯಿರಿ. ಹಿಡಿತ ಸ್ವಲ್ಪ ಕಡಿಮೆಯಾದೀತು, ಆದರೆ ಹೊಳೆಯುವ ಮೈಗಿಂತ ಎಷ್ಟೋ ಮೇಲು.

ಈಗ ಆಸಿಡ್ ಹಚ್ಚಿ, 15 ಸೆಕೆಂಡ್. ಇಲ್ಲಿ ಅದರ ಕೆಲಸ ಸೋಪಿನದ್ದು ಎಂಬುದು ನೆನಪಿರಲಿ. ಚೆನ್ನಾಗಿ ತೊಳೆದು ಒಣಗಿಸಿ. ಒಣಗಿಸುವ ಮುನ್ನ ತ್ರೀ-ವೇ ಸಿರಿಂಜಿನ ಗಾಳಿಯನ್ನು ಬಾಯಿ ನೋಡುವ ಕನ್ನಡಿಯ ಮೇಲೆ ಎರಡು ಸೆಕೆಂಡ್ ಬಿಡಿ. ಸಣ್ಣ ತುಂತುರು ಕೂತರೆ ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ತುಂಬಿದೆ. ಕಾಮನಬಿಲ್ಲಿನ ಬಣ್ಣದ ಪೊರೆ ಕಂಡರೆ ಎಣ್ಣೆ ಬರುತ್ತಿದೆ. ದಿನ ಸಂಜೆ ಟ್ಯಾಂಕಿನ ಕೆಳಗಿನ ತಿರುಪು ಬಿಚ್ಚಿ ನೀರು ಬಸಿಯದ ಕ್ಲಿನಿಕ್‌ಗಳಲ್ಲಿ ಬ್ರ್ಯಾಕೆಟ್ ಬೀಳುವುದು ಸೋಜಿಗವೇನಲ್ಲ. ನಿಮ್ಮಲ್ಲಿ ಸ್ವಂತ ಹಲ್ಲಿನ ಬ್ರ್ಯಾಕೆಟ್ ಕೂಡ ಬಿದ್ದಿದೆ ಎಂದಿದ್ದೀರಿ, ಆದ್ದರಿಂದ ಈ ಕನ್ನಡಿ ಪರೀಕ್ಷೆಯನ್ನು ಇಂದೇ ಮಾಡಿ.

ನಂತರ ಮಾನೊಮರ್. ಸೆಲ್ಫ್ ಕ್ಯೂರ್ (ಲೈಟ್ ಇಲ್ಲದೆ ತಾನೇ ಗಟ್ಟಿಯಾಗುವ) ಅಕ್ರಿಲಿಕ್ ಜತೆಗೆ ಬರುವ ದ್ರವವೇ ಸಾಕು, ಅದು ಮೀಥೈಲ್ ಮೆಥಾಕ್ರಿಲೇಟ್. ಆರ್ಥೊಡಾಂಟಿಕ್ ಕಂಪನಿಗಳು ಪ್ಲಾಸ್ಟಿಕ್ ಕಂಡಿಷನರ್ ಎಂದು ಮಾರುವ ಸೀಸೆಗಳಲ್ಲಿರುವ ಮುಖ್ಯ ವಸ್ತುವೂ ಇದೇ. ಡ್ಯಾಪನ್ ಡಿಶ್ ಎಂಬ ಪುಟ್ಟ ಬಟ್ಟಲಿಗೆ ಎರಡು ಹನಿ ಬಿಟ್ಟುಕೊಂಡು ಮೈಕ್ರೋಬ್ರಷ್‌ನಲ್ಲಿ ಸವರಿ. ಎರಡರಿಂದ ಮೂರು ನಿಮಿಷ ಮೈ ಒದ್ದೆಯಾಗೇ ಇರುವಂತೆ ಮತ್ತೆ ಮತ್ತೆ ಸವರುತ್ತಿರಿ. ಒಮ್ಮೆ ಸವರಿ ಬಿಟ್ಟರೆ ಅರ್ಧ ನಿಮಿಷದೊಳಗೆ ಆವಿಯಾಗಿ ಹೋಗುತ್ತದೆ, ಶಿರಾದ ಏಪ್ರಿಲ್ ಬಿಸಿಲಲ್ಲಂತೂ ಅಷ್ಟೂ ಹೊತ್ತು ಬೇಡ. ಆ ನಿಮಿಷಗಳಲ್ಲಿ ಮೇಲ್ಪದರ ಉಬ್ಬಿ ಬಾಯಿಬಿಡುತ್ತದೆ, ಆಮೇಲೆ ಬರುವ ರೆಸಿನ್ ಅದರೊಳಗೆ ಹೆಣೆದುಕೊಳ್ಳುತ್ತದೆ. ಕೊನೆಯಲ್ಲಿ ಮೆಲ್ಲಗೆ ಗಾಳಿ ಬಿಟ್ಟು ಹೆಚ್ಚಿನದ್ದನ್ನು ಹಾರಿಸಿ. ಕೆರೆ ಕಟ್ಟಿದಂತೆ ದ್ರವ ಉಳಿದರೆ ಅಂಟು ಮೆತ್ತಗೇ ಉಳಿದುಬಿಡುತ್ತದೆ.

ಮಾನೊಮರ್ ಒಸಡಿಗೆ ತಾಗಿದರೆ ಸುಟ್ಟಂತೆ ಬೆಳ್ಳಗಾಗುತ್ತದೆ, ಆದ್ದರಿಂದ ಒಸಡಿನ ಅಂಚಿಗೆ ತೆಳುವಾಗಿ ವ್ಯಾಸಲೀನ್ ಹಚ್ಚಬಹುದು. ಅದು ಕ್ಯಾಪ್‌ನ ಮುಖಕ್ಕೆ ಒಂದಿಷ್ಟೂ ಹತ್ತಬಾರದು. ಕೈಗವಸು ಹಾಕಿದ್ದೇನೆಂದು ನಂಬಿ ಕೂರಬೇಡಿ, ಲೇಟೆಕ್ಸನ್ನೂ ನೈಟ್ರೈಲನ್ನೂ ಈ ದ್ರವ ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಹನಿ ಬಿದ್ದರೆ ಕೈಗವಸು ಬದಲಿಸಿ. ಬೆರಳ ತುದಿಯಲ್ಲಿ ಬಿರುಕು, ತುರಿಕೆ ಎಂದು ಚರ್ಮರೋಗ ತಜ್ಞರ ಬಳಿ ಹೋಗುವ ದಂತವೈದ್ಯರಲ್ಲಿ ಎಷ್ಟೋ ಮಂದಿಗೆ ಕಾರಣ ಇದೇ ಅಕ್ರಿಲೇಟ್ ಅಲರ್ಜಿ. ಕಿಟಕಿ ತೆರೆದಿರಲಿ, ಹತ್ತಿರ ಸ್ಪಿರಿಟ್ ಲ್ಯಾಂಪ್ ಉರಿಯುತ್ತಿರಬಾರದು.

ಇನ್ನು ಅಂಟಿನ ಆಯ್ಕೆ. ಎರಡು ದಾರಿಗಳಿವೆ. ಒಂದು, ನಿಮ್ಮ ಮಾಮೂಲಿ ಲೈಟ್ ಕ್ಯೂರ್ ಅಂಟು: ತೆಳು ಪ್ರೈಮರ್, 10 ಸೆಕೆಂಡ್ ಲೈಟ್, ಬ್ರ್ಯಾಕೆಟ್‌ನ ಬೆನ್ನಿನ ಜಾಲರಿಗೆ ಅಂಟನ್ನು ಒತ್ತಿ ತುಂಬಿ, ಕೂರಿಸಿ, ಗಟ್ಟಿಯಾಗಿ ಒತ್ತಿ, ಹೊರಬಂದದ್ದನ್ನು ಸ್ಕೇಲರ್‌ನಲ್ಲಿ ತೆಗೆದು ಎರಡೂ ಪಕ್ಕದಿಂದ ತಲಾ 10 ಸೆಕೆಂಡ್, ಆಮೇಲೆ ಹಲ್ಲಿನ ಹಿಂಬದಿಯಿಂದ ಇನ್ನೊಂದು 20 ಸೆಕೆಂಡ್. ಲೋಹದ ಬ್ರ್ಯಾಕೆಟ್ ಬೆಳಕನ್ನು ತಡೆಯುತ್ತದೆ. ಎದುರಿನಿಂದ ಮಾತ್ರ ಲೈಟ್ ಹಿಡಿದರೆ ನಡುವಿನ ಅಂಟು ಅರೆಬೆಂದ ಮುದ್ದೆಯಂತೆ ಉಳಿಯುತ್ತದೆ. ಎರಡನೆಯದು, ಹಲ್ಲಿನ ಬಣ್ಣದ ಸೆಲ್ಫ್ ಕ್ಯೂರ್ ಅಕ್ರಿಲಿಕ್ಕನ್ನೇ ಅಂಟಾಗಿ ಬಳಸುವುದು: ಕುಂಚದ ತುದಿಯನ್ನು ದ್ರವದಲ್ಲಿ ಅದ್ದಿ, ಪುಡಿಗೆ ಮುಟ್ಟಿಸಿ, ಸಿಕ್ಕ ಉಂಡೆಯನ್ನು ಜಾಲರಿಗೆ ತುಂಬಿ, ಬ್ರ್ಯಾಕೆಟ್ ಕೂರಿಸಿ ಅಲುಗಾಡದಂತೆ ಹಿಡಿಯುವುದು. ಪಿಎಂಎಂಎಗೆ ಪಿಎಂಎಂಎ, ಬೀಗರು ಒಂದೇ ಕುಲ. ಲೈಟಿನ ಹಂಗಿಲ್ಲ, ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ತೊಂದರೆ ಎಂದರೆ ಗಟ್ಟಿಯಾಗಲು ಐದಾರು ನಿಮಿಷ ಬೇಕು, ಅಷ್ಟರಲ್ಲಿ ಬ್ರ್ಯಾಕೆಟ್ ಜಾರುತ್ತದೆ. ಬೇಸಿಗೆಯಲ್ಲಿ ಉಂಡೆ ಕುಂಚದಲ್ಲೇ ಗಟ್ಟಿಯಾಗುತ್ತದೆ. ಕರಾರುವಾಕ್ಕಾಗಿ ಕೂರಿಸಬೇಕಾದ ಮುಂಭಾಗದ ಹಲ್ಲಿಗೆ ಮೊದಲ ದಾರಿಯೇ ಸರಿ. ಮಾನೊಮರ್ ಹಚ್ಚಿಯೂ ಬ್ರ್ಯಾಕೆಟ್ ಮತ್ತೆ ಬಿದ್ದರೆ ಎರಡನೆಯದಕ್ಕೆ ಹೋಗಿ.

ಕ್ಯಾಪ್ ಬಿಸ್-ಅಕ್ರಿಲ್ ಆಗಿದ್ದರೆ ಮಾನೊಮರ್ ಹಚ್ಚಿ ಮೂರು ನಿಮಿಷ ಕಾಯುವುದು ದಂಡ. ಅಲ್ಲಿ ಒರಟು ಮಾಡುವುದೇ ಮುಖ್ಯ. ಸ್ಯಾಂಡ್‌ಬ್ಲಾಸ್ಟ್ ಮಾಡಿ, ತೊಳೆದು ಒಣಗಿಸಿ, ಕಾಂಪೋಸಿಟ್ ಫಿಲ್ಲಿಂಗ್‌ಗೆ ಬಳಸುವ ಬಾಂಡಿಂಗ್ ಏಜೆಂಟನ್ನು ಹಚ್ಚಿ ಲೈಟ್ ಕೊಟ್ಟು, ಆಮೇಲೆ ಅಂಟು. ಅದು ಕಾಂಪೋಸಿಟ್‌ನ ದಾಯಾದಿ, ಹಾಗಾಗಿ ಕಾಂಪೋಸಿಟ್ ಅಂಟು ಅದಕ್ಕೆ ಹೊಂದುತ್ತದೆ. ಸೈಲೇನ್ (ಗಾಜನ್ನು ರೆಸಿನ್‌ಗೆ ಬೆಸೆಯುವ ದ್ರವ) ಹಚ್ಚಲೇ ಎಂದು ಕೆಲವರು ಕೇಳುತ್ತಾರೆ. ಸೈಲೇನ್ ಹಿಡಿಯುವುದು ಗಾಜಿನ ಕಣಗಳನ್ನು. ಬಿಸ್-ಅಕ್ರಿಲ್‌ನಲ್ಲಿ ಅವು ಇರುವುದೇ ಕಡಿಮೆ. ಹಚ್ಚಿದರೆ ನಷ್ಟವಿಲ್ಲ, ದೊಡ್ಡ ಲಾಭವೂ ಇಲ್ಲ. ಹೈಡ್ರೋಫ್ಲೋರಿಕ್ ಆಸಿಡ್ ಮಾತ್ರ ಈ ಕ್ಯಾಪ್‌ಗಳ ಹತ್ತಿರ ಸುಳಿಯಬಾರದು. ಅದು ಪೋರ್ಸಿಲೇನ್‌ಗೆ ಬಳಸುವಂಥದ್ದು, ಪ್ಲಾಸ್ಟಿಕ್‌ಗೆ ನಿಷ್ಪ್ರಯೋಜಕ, ಒಸಡಿಗೆ ತಾಗಿದರೆ ಆಳವಾಗಿ ಸುಡುತ್ತದೆ.

ಡಿಸ್ಕ್‌ನಿಂದ ಕೊರೆದ ಪಿಎಂಎಂಎ ನಡುವಿನದ್ದು. ಒತ್ತಡ-ಬಿಸಿಯಲ್ಲಿ ಪೂರ್ತಿ ಬೆಂದಿರುವುದರಿಂದ ಮಾನೊಮರ್ ಅದರೊಳಗೆ ನಿಧಾನವಾಗಿ ಇಳಿಯುತ್ತದೆ. ಸ್ಯಾಂಡ್‌ಬ್ಲಾಸ್ಟ್ ಮತ್ತು ಪೂರ್ತಿ ಮೂರು ನಿಮಿಷದ ಮಾನೊಮರ್ ಎರಡೂ ಬೇಕು. ಪ್ರಿಂಟ್ ಮಾಡಿದ್ದನ್ನು ಬಿಸ್-ಅಕ್ರಿಲ್ ಎಂದೇ ಭಾವಿಸಿ.

ಎಷ್ಟು ಗಟ್ಟಿಯಾಗಿ ಅಂಟಬೇಕು? 1975ರಲ್ಲಿ ಸಂಶೋಧಕ ರೆನಾಲ್ಡ್ಸ್ ಹೇಳಿದ 6ರಿಂದ 8 ಮೆಗಾಪಾಸ್ಕಲ್ ಎಂಬ ಅಳತೆಯನ್ನೇ ಇಂದಿಗೂ ಎಲ್ಲರೂ ಹಿಡಿದು ಮಾತಾಡುತ್ತಾರೆ. ಟೆಂಪರರಿ ಕ್ಯಾಪ್ ವಿಚಾರದಲ್ಲಿ ಅದನ್ನು ಬಹಳ ಮೀರಿಸುವ ಹಟವೂ ಬೇಡ. ಕೊನೆಗೆ ಬ್ರ್ಯಾಕೆಟ್ ಬಿಚ್ಚುವ ದಿನ ಕ್ಯಾಪ್‌ನ ಮುಖವೇ ಕಿತ್ತು ಬರುತ್ತದೆ.

ಬಿದ್ದ ಬ್ರ್ಯಾಕೆಟ್ಟನ್ನು ಕಸದ ಬುಟ್ಟಿಗೆ ಹಾಕುವ ಮುನ್ನ ಲೂಪ್ (ಕಣ್ಣಿಗೆ ಹಾಕುವ ಭೂತಗನ್ನಡಿ) ಹಾಕಿ ಅದರ ಬೆನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಕಾರಣ ಅಲ್ಲೇ ಬರೆದಿರುತ್ತದೆ. ಅಂಟೆಲ್ಲ ಬ್ರ್ಯಾಕೆಟ್ ಜತೆ ಬಂದು ಕ್ಯಾಪ್‌ನ ಮೈ ಕನ್ನಡಿಯಂತೆ ನುಣ್ಣಗಿದ್ದರೆ ಕ್ಯಾಪ್‌ಗೆ ಅಂಟೇ ಹಿಡಿದಿಲ್ಲ. ನಿಮ್ಮ ಕೇಸಿನಲ್ಲಿ ಹೀಗೇ ಆಗಿರಬೇಕು. ಅಂಟು ಕ್ಯಾಪ್ ಮೇಲೇ ಉಳಿದು ಜಾಲರಿ ಖಾಲಿಯಾಗಿದ್ದರೆ ಬೆಳಕು ಸಾಲದೆ ಹೋಗಿದೆ, ಇಲ್ಲವೇ ಗಟ್ಟಿಯಾಗುವಾಗ ಬ್ರ್ಯಾಕೆಟ್ ಅಲುಗಿದೆ, ಇಲ್ಲವೇ ಜಾಲರಿಗೆ ಬೆರಳು ತಾಗಿದೆ. ಲೈಟಿನ ತುದಿಗೆ ಹಳೆಯ ಕಾಂಪೋಸಿಟ್ ಮೆತ್ತಿಕೊಂಡಿದೆಯೇ ನೋಡಿ, ಬೆಳಕಿನ ಬಲ ಅಳೆಯುವ ರೇಡಿಯೋಮೀಟರ್ ಸಿಕ್ಕರೆ ಅಳೆಯಿರಿ. ಈಗಿನ ಎಲ್‌ಇಡಿಗಳು ಚದರ ಸೆಂಟಿಮೀಟರ್‌ಗೆ 1000 ಮಿಲಿವ್ಯಾಟ್ ಆಸುಪಾಸು ಕೊಡಬೇಕು, ಬ್ಯಾಟರಿ ಹಳತಾದಂತೆ ಅದು ಸದ್ದಿಲ್ಲದೆ ಇಳಿಯುತ್ತದೆ. ಬ್ರ್ಯಾಕೆಟ್ ಜತೆ ಕ್ಯಾಪ್‌ನ ಚೂರೇ ಬಂದಿದ್ದರೆ ನಿಮ್ಮ ಅಂಟುವ ಕೆಲಸ ಚೆನ್ನಾಗಿದೆ, ಕ್ಯಾಪ್ ತೆಳುವಾಯಿತು. ಹೊರಮುಖದಲ್ಲಿ ಒಂದೂವರೆ ಮಿಲಿಮೀಟರ್‌ನಷ್ಟಾದರೂ ದಪ್ಪ ಬೇಕು.

ಕ್ಯಾಪ್ ಸಮೇತ ಬಂದಿದ್ದರೆ? ಅದು ಒಳಗಿನ ಸಿಮೆಂಟಿನ ಕಥೆ. ಎರಡು ವಾರಕ್ಕೆಂದು ತಯಾರಾದ ಟೆಂಪರರಿ ಸಿಮೆಂಟ್ ಕ್ಲಿಪ್‌ನ ಎಳೆತವನ್ನು ಒಂದೂವರೆ ವರ್ಷ ತಡೆಯುವುದಿಲ್ಲ. ಜಿಂಕ್ ಆಕ್ಸೈಡ್ ಯೂಜಿನಾಲ್ ಬಳಸಿದ್ದರೆ ಇನ್ನೊಂದು ಕಾಟವೂ ಇದೆ: ಲವಂಗದ ಎಣ್ಣೆಯ ಈ ಯೂಜಿನಾಲ್ ರೆಸಿನ್ ಗಟ್ಟಿಯಾಗುವುದನ್ನೇ ತಡೆಯುತ್ತದೆ, ಅಕ್ರಿಲಿಕ್ಕನ್ನು ಮೆತ್ತಗೆ ಮಾಡುತ್ತದೆ. ಅಂಚಿನಲ್ಲಿ ಉಕ್ಕಿದ ಸಿಮೆಂಟನ್ನು ಒರೆಸುವಾಗ ಅದೇ ಹತ್ತಿಯಲ್ಲಿ ಮುಖವನ್ನೂ ಒರೆಸಿ ಆಮೇಲೆ ಬ್ರ್ಯಾಕೆಟ್ ಅಂಟಿಸಿದರೆ ಅಂದೇ ಸಂಜೆ ಬೀಳುತ್ತದೆ. ಕ್ಲಿಪ್ ನಡೆಯುವಷ್ಟು ಕಾಲ ಪಾಲಿಕಾರ್ಬಾಕ್ಸಿಲೇಟ್ ಅಥವಾ ಲ್ಯೂಟಿಂಗ್ ಗ್ಲಾಸ್ ಅಯೋನೊಮರ್ ಸಿಮೆಂಟ್ ಬಳಸಿ. ಕ್ಯಾಪ್ ಹೇಗೂ ಕೈಗೆ ಬಂದಿರುವ ದಿನ ಸ್ಯಾಂಡ್‌ಬ್ಲಾಸ್ಟ್, ಮಾನೊಮರ್ ಎರಡನ್ನೂ ಬಾಯಿಯ ಹೊರಗೇ ಮುಗಿಸಬಹುದು. ಎಂಜಲಿಲ್ಲ, ಒಸಡಿನ ಭಯವಿಲ್ಲ. ಬ್ರ್ಯಾಕೆಟ್ಟನ್ನು ಮಾತ್ರ ಕ್ಯಾಪ್ ಹಲ್ಲಿಗೆ ಕೂತ ಮೇಲೆಯೇ ಅಂಟಿಸಿ, ಹೊರಗೆ ಅಂಟಿಸಿದರೆ ಎತ್ತರ-ಓರೆ ತಪ್ಪುತ್ತದೆ. ಆ ನಡುವೆ ಮುಖಕ್ಕೆ ಸಿಮೆಂಟ್ ತಾಗಿದ್ದರೆ ಆಸಿಡ್‌ನಿಂದ ತೊಳೆದು ಮಾನೊಮರ್ ಇನ್ನೊಮ್ಮೆ ಸವರಿ.

ಕೈಯಲ್ಲಿ ಕಲಸಿದ ಅಕ್ರಿಲಿಕ್ ಕ್ಯಾಪ್ 18 ತಿಂಗಳು ಬಾಳುತ್ತದೆ ಎಂದು ನಂಬಬೇಡಿ. ಸವೆಯುತ್ತದೆ, ಬಣ್ಣ ಹೀರುತ್ತದೆ, ಅಂಚು ಬಿಡುತ್ತದೆ. ಅಂಚು ಬಿಟ್ಟರೆ ಒಳಗೆ ಹುಳುಕು. ಮುಂಭಾಗದ ಹಲ್ಲಿಗೆ ಲ್ಯಾಬಿನಲ್ಲಿ ಬೇಯಿಸಿದ ಅಥವಾ ಕೊರೆದ ಪಿಎಂಎಂಎ ಮಾಡಿಸಿಕೊಳ್ಳಿ, ಮೂರು ತಿಂಗಳಿಗೊಮ್ಮೆ ಅಂಚನ್ನು ಪ್ರೋಬ್ ಹಾಕಿ ನೋಡಿ.

ಹೊಸ ಕ್ಯಾಪ್ ಮಾಡಿಸುವಾಗ ಆಕಾರದ ಬಗ್ಗೆ ಒಂದು ಮಾತು. ಬ್ರ್ಯಾಕೆಟ್‌ನ ಬೆನ್ನಿನ ಬಾಗು, ಸೀಳಿನ ಓರೆ ಎಲ್ಲವನ್ನೂ ಸಹಜ ಹಲ್ಲಿನ ಮೈ ಲೆಕ್ಕದಲ್ಲಿಟ್ಟು ಮಾಡಿರುತ್ತಾರೆ. ಕ್ಯಾಪ್ ಮುಂದಕ್ಕೆ ಅರ್ಧ ಮಿಲಿಮೀಟರ್ ಉಬ್ಬಿಕೊಂಡಿದ್ದರೆ ವೈರ್ ಆ ಹಲ್ಲನ್ನು ಅಷ್ಟೇ ಒಳಕ್ಕೆ ತಳ್ಳುತ್ತದೆ. ಬ್ರ್ಯಾಕೆಟ್ ತಪ್ಪಿಲ್ಲ, ವೈರ್ ತಪ್ಪಿಲ್ಲ, ಹಲ್ಲು ಮಾತ್ರ ಸಾಲು ಬಿಟ್ಟು ಹಿಂದೆ ನಿಂತಿರುತ್ತದೆ; ಆರ್ಥೊಡಾಂಟಿಸ್ಟ್ ವೈರ್ ಬಗ್ಗಿಸುತ್ತಲೇ ಇರುತ್ತಾರೆ. ಇನ್ನೊಂದು ಬದಿಯ ಜೋಡಿ ಹಲ್ಲನ್ನು ನೋಡಿಕೊಂಡು ಅದೇ ಉಬ್ಬು, ಅದೇ ಉದ್ದಕ್ಕೆ ಕ್ಯಾಪ್ ತಿದ್ದಿ. ಉಬ್ಬಿದ ಕ್ಯಾಪ್‌ಗೆ ಇನ್ನೊಂದು ಅಪಾಯ, ಕಚ್ಚಿದಾಗ ಕೆಳಗಿನ ಹಲ್ಲೋ ಅದರ ಬ್ರ್ಯಾಕೆಟ್ಟೋ ಅದಕ್ಕೆ ಬಡಿಯುತ್ತದೆ. ಆರ್ಟಿಕ್ಯುಲೇಟಿಂಗ್ ಪೇಪರ್ ಇಟ್ಟು ಕಚ್ಚಿಸಿ ನೋಡಿ. ಕಚ್ಚು ಆಳವಾಗಿದ್ದರೆ ದವಡೆ ಹಲ್ಲುಗಳ ಮೇಲೆ ಗ್ಲಾಸ್ ಅಯೋನೊಮರ್‌ನ ಸಣ್ಣ ದಿಬ್ಬ ಇಟ್ಟು ಮುಂಭಾಗವನ್ನು ಬಿಡಿಸಿ. ಟೆಂಪರರಿ ಕ್ಯಾಪ್ ಇರುವ ದವಡೆಯ ಮೇಲೆ ಮಾತ್ರ ದಿಬ್ಬ ಬೇಡ. ಅಂಟಿಸಿದ ದಿನದ ವೈರ್ 0.012 ಅಥವಾ 0.014 ನೈಟೈ ಇರಲಿ, 0.016ಕ್ಕೆ ಮುಂದಿನ ಭೇಟಿಯಲ್ಲಿ ಹೋಗಿ. ಅಂಟು ಪೂರ್ಣ ಬಲಕ್ಕೆ ಬರಲು ಒಂದು ದಿನ ಹಿಡಿಯುತ್ತದೆ.

ದವಡೆ ಹಲ್ಲಿನ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಅಲ್ಲಿ ಟ್ಯೂಬ್ ಅಂಟಿಸುವ ಸಾಹಸವನ್ನೇ ಬಿಡಿ. ಕೆಳದವಡೆಯ ಹೊರಮುಖಕ್ಕೆ ಪ್ರತಿ ತುತ್ತಿಗೂ ಮೇಲಿನ ಹಲ್ಲಿನ ಏಟು, ಎಂಜಲು ಒಸರುವ ಜಾಗ, ಮೇಲಾಗಿ ಪ್ಲಾಸ್ಟಿಕ್. ಬ್ಯಾಂಡ್ (ಹಲ್ಲನ್ನು ಸುತ್ತುವ ಲೋಹದ ಉಂಗುರ) ಹಾಕಿ. ಬ್ಯಾಂಡ್‌ನ ತಗಡು ಮಿಲಿಮೀಟರ್‌ನ ಐದನೇ ಒಂದು ಭಾಗಕ್ಕಿಂತ ತೆಳು. ಟೆಂಪರರಿ ಕ್ಯಾಪ್‌ನ ಎರಡು ಪಕ್ಕಗಳನ್ನು ಅಷ್ಟು ಉಜ್ಜಿ ತೆಗೆದರೆ, ಹಲ್ಲುಗಳ ನಡುವೆ ಜಾಗ ಮಾಡುವ ಸೆಪರೇಟರ್ ಇಟ್ಟು ವಾರ ಕಾಯುವ ಗೋಜೂ ಇಲ್ಲ. ಒಳಗೆ ಸ್ವಲ್ಪ ಒರಟು ಮಾಡಿ ಗ್ಲಾಸ್ ಅಯೋನೊಮರ್‌ನಲ್ಲಿ ಕೂರಿಸಿ. ಇನ್ನೂ ಒಳ್ಳೆಯದು: ಸಾಕಷ್ಟು ಸ್ವಂತ ಹಲ್ಲು ಉಳಿದಿದ್ದರೆ ಆ ಕ್ಯಾಪ್ ತೆಗೆದು, ಕಾಂಪೋಸಿಟ್‌ನಲ್ಲಿ ಕುಸ್ಪುಗಳನ್ನು (ಅಗಿಯುವ ಮೈಯ ಉಬ್ಬುಗಳನ್ನು) ಮುಚ್ಚುವಂತೆ ಕಟ್ಟಿ, ಅದರ ಮೇಲೆ ಬ್ಯಾಂಡ್. ರೂಟ್ ಕೆನಾಲ್ ಆದ ದವಡೆ ಹಲ್ಲು ಸೀಳುವುದನ್ನು ಬ್ಯಾಂಡ್ ಪೀಪಾಯಿಗೆ ಹಾಕಿದ ಕಬ್ಬಿಣದ ಪಟ್ಟಿಯಂತೆ ತಡೆಯುತ್ತದೆ.

ಪಕ್ಕದ ಸ್ವಂತ ಹಲ್ಲಿನ ಬ್ರ್ಯಾಕೆಟ್ ಬಿದ್ದದ್ದಕ್ಕೆ ಕ್ಯಾಪ್ ಕಾರಣವಲ್ಲ. ರೋಗಿ ಪಾವಗಡದವರು ಎಂಬಲ್ಲೇ ಸುಳಿವಿದೆ. ಪಾವಗಡದ ಕೊಳವೆಬಾವಿ ನೀರಿನ ಫ್ಲೋರೈಡ್ ಹೊಸ ಸುದ್ದಿಯೇನಲ್ಲ. ಬಾಗೇಪಲ್ಲಿ, ಮುಳಬಾಗಿಲು ಕಡೆಯ ದಂತವೈದ್ಯರದ್ದೂ ಇದೇ ಪಾಡು. ಕುಡಿಯುವ ನೀರಿನಲ್ಲಿ ಲೀಟರ್‌ಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಹಲ್ಲು ಬೆಳೆಯುವ ವಯಸ್ಸಿನಲ್ಲಿ ಅದನ್ನು ಮೀರಿ ಕುಡಿದ ಮಕ್ಕಳ ಎನಾಮಲ್‌ನ ಮೇಲ್ಪದರ ಆಸಿಡ್‌ಗೆ ಬೇಗ ಬಗ್ಗುವುದಿಲ್ಲ, ಒಳಪದರವೋ ಸರಂಧ್ರ. ಹಲ್ಲಿನ ಮೇಲೆ ಬಿಳಿ ಗೀರು, ಕಂದು ಮಚ್ಚೆ ಇದ್ದರೆ 30 ಸೆಕೆಂಡ್ ಸಾಲದು. ಮೊದಲು ಪ್ಯೂಮಿಸ್‌ನಲ್ಲಿ ಗಟ್ಟಿಯಾಗಿ ತಿಕ್ಕಿ ಅಥವಾ ಮೂರು ಸೆಕೆಂಡ್ ಸ್ಯಾಂಡ್‌ಬ್ಲಾಸ್ಟ್ ಮಾಡಿ, ಆಸಿಡ್ಡನ್ನು 60 ಸೆಕೆಂಡ್ ಇಡಿ. ಸುಣ್ಣದ ಬಿಳುಪು ಬಂತೇ ನೋಡಿ, ಬಾರದಿದ್ದರೆ ಇನ್ನೊಮ್ಮೆ. ಒಂದೇ ಬಾಯಲ್ಲಿ ಎರಡು ಬೇರೆ ರೋಗ, ಎರಡಕ್ಕೂ ಬೇರೆ ಮದ್ದು.

ಪರ್ಮನೆಂಟ್ ಕ್ಯಾಪ್ ಈಗಲೇ ಬೇಡ. ಹಲ್ಲು ಸರಿಯುತ್ತದೆ, ಒಸಡಿನ ಅಂಚು ಏರುಪೇರಾಗುತ್ತದೆ, ಪಕ್ಕದ ಹಲ್ಲಿಗೆ ತಾಗುವ ಜಾಗ ಬದಲಾಗುತ್ತದೆ. ಇಂದು ಸರಿಯಾಗಿ ಕೂತ ಸೆರಾಮಿಕ್ ಒಂದೂವರೆ ವರ್ಷದ ಮೇಲೆ ಗಿಡ್ಡವೋ ಓರೆಯೋ ಕಾಣುತ್ತದೆ. ಮೇಲೆ ಬ್ರ್ಯಾಕೆಟ್ ಬಿಚ್ಚುವಾಗ ಹೊಳಪು ಹೋಗುವ, ಚಕ್ಕೆ ಏಳುವ ಭಯ ಬೇರೆ. ಜಿರ್ಕೋನಿಯಾಕ್ಕೆ ಅಂಟಿಸುವುದೂ ಸುಲಭವಲ್ಲ, ಅದಕ್ಕೆ ಎಂಡಿಪಿ ಎಂಬ ರಾಸಾಯನಿಕ ಇರುವ ಪ್ರೈಮರ್ ಬೇಕು. ಟೆಂಪರರಿ ಕ್ಯಾಪ್‌ನ ಸೊಗಸೇ ಇದು: ಒರಟು ಮಾಡಿದರೂ, ಗೀರಿದರೂ, ಮತ್ತೆ ಅಕ್ರಿಲಿಕ್ ಮೆತ್ತಿದರೂ ನಷ್ಟವಿಲ್ಲ. ಕ್ಲಿಪ್ ಬಿಚ್ಚಿ ರಿಟೇನರ್ (ಹಲ್ಲು ಮತ್ತೆ ಸರಿಯದಂತೆ ಹಿಡಿಯುವ ಸಾಧನ) ಹಾಕಿ ಮೂರು ತಿಂಗಳಾದರೂ ಒಸಡು ನೆಲೆಗೊಳ್ಳಲಿ, ಆಮೇಲೆ ಖಾಯಂ ಕ್ಯಾಪ್. ಅದು ಕೂತ ದಿನವೇ ಹೊಸ ರಿಟೇನರ್‌ಗೆ ಅಳತೆ ತೆಗೆಯಿರಿ, ಹಳೆಯದು ಹೊಸ ಆಕಾರದ ಮೇಲೆ ಕೂರುವುದಿಲ್ಲ. ಮುಂಭಾಗದ ಹಲ್ಲಿಗೆ ರೂಟ್ ಕೆನಾಲ್ ಆದದ್ದು ಪೆಟ್ಟು ಬಿದ್ದು ಎಂದಾದರೆ ಆರ್ಥೊಡಾಂಟಿಸ್ಟ್‌ಗೆ ದಿನಾಂಕ ಸಮೇತ ತಿಳಿಸಿ; ಸಣ್ಣ ಪೆಟ್ಟಿಗೆ ಮೂರು ತಿಂಗಳು, ಜೋರಾದ ಪೆಟ್ಟಿಗೆ ಆರು ತಿಂಗಳಿಂದ ಒಂದು ವರ್ಷ ಆ ಹಲ್ಲನ್ನು ಎಳೆಯದೆ ಕಾಯುವುದು ವಾಡಿಕೆ.

ರೋಗಿಗೆ ಹೇಳಬೇಕಾದದ್ದನ್ನು "ಗಟ್ಟಿ ತಿನ್ನಬೇಡಿ" ಎಂದು ಮುಗಿಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹೆಸರು ಹಿಡಿದು ಹೇಳಿ: ತಿಪಟೂರಿನ ಕೊಬ್ಬರಿ ಬೇಡ, ನಿಪ್ಪಟ್ಟು, ಕೋಡುಬಳೆ, ಹುರಿಗಡಲೆ ಬೇಡ, ಕಬ್ಬು ಸಿಗಿಯುವಂತಿಲ್ಲ, ಮಾವಿನ ಓಟೆ ಚೀಪುವಂತಿಲ್ಲ, ಸೀಬೆಕಾಯಿಯನ್ನು ಹೆಚ್ಚಿ ಹಿಂದಿನ ಹಲ್ಲಲ್ಲಿ. ಮುದ್ದೆ ಹೇಗೂ ನುಂಗುವಂಥದ್ದು, ತಟ್ಟೆ ಇಡ್ಲಿ ಮೆತ್ತಗಿನದ್ದು, ಅವಕ್ಕೆ ಅಡ್ಡಿಯಿಲ್ಲ. ಟೆಂಪರರಿ ಕ್ಯಾಪ್ ಸಂದಿಯಲ್ಲಿ ಕಡ್ಡಿ ಆಡಿಸಬಾರದು. ಬ್ರ್ಯಾಕೆಟ್ ಬಿದ್ದರೆ ವೈರ್‌ನಲ್ಲೇ ನೇತಾಡಲಿ, ಚುಚ್ಚಿದರೆ ಮೇಣ ಹಚ್ಚಿಕೊಂಡು ಎರಡು-ಮೂರು ದಿನದಲ್ಲಿ ಬರಲಿ. ಕ್ಯಾಪೇ ಬಿದ್ದರೆ ಡಬ್ಬಿಯಲ್ಲಿ ಹಾಕಿ ತರಲಿ, ಹೆಚ್ಚು ದಿನ ಬಿಟ್ಟರೆ ಪಕ್ಕದ ಹಲ್ಲು ಸರಿದು ಅದು ಮತ್ತೆ ಕೂರುವುದಿಲ್ಲ. ಫೆವಿಕ್ವಿಕ್ ಹಾಕಿ ತಾವೇ ಅಂಟಿಸಿಕೊಂಡು ಬರುವವರು ಈಗಲೂ ಇದ್ದಾರೆ. ಆ ಅಂಟು ಒಸಡನ್ನು ಸುಡುತ್ತದೆ, ಕ್ಯಾಪನ್ನು ತಪ್ಪು ಎತ್ತರದಲ್ಲಿ ಬಿಗಿಯುತ್ತದೆ, ಕಡೆಗೆ ಅದನ್ನು ಒಡೆದೇ ತೆಗೆಯಬೇಕು. ಈ ಮಾತನ್ನು ಮೊದಲ ದಿನವೇ ಹೇಳಿಬಿಡಿ.

ಕೊನೆಗೆ ಬಿಚ್ಚುವ ದಿನ ಡಿಬಾಂಡಿಂಗ್ ಪ್ಲಯರ್‌ನಿಂದ ಬ್ರ್ಯಾಕೆಟ್‌ನ ರೆಕ್ಕೆಗಳನ್ನು ಹಿಂಡಿ ಜಾಲರಿಯನ್ನು ಮಡಿಸಿ ತೆಗೆಯಿರಿ. ತಿರುಚಿ ಕಿತ್ತರೆ ಕ್ಯಾಪ್ ಜತೆಗೇ ಬರುತ್ತದೆ. ತೆಗೆಯುವಾಗ ಇನ್ನೊಂದು ಕೈಯ ಹೆಬ್ಬೆರಳು ಕ್ಯಾಪ್‌ನ ಹಿಂಬದಿಗೆ ಒತ್ತಿಕೊಂಡಿರಲಿ.